ಗದ್ದೆಗೆ ನೀರು ಬಂದ ಮೇಲೆ ನಮ್ಮ ಹುಡುಗಿಯರು ಎಲ್ಲಿ ಆಡಬೇಕು?

ಮಾನ್ಯ ಸಂಪಾದಕರೇ,

ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯವಳು. ಹೊಲಿಗೆ ನನ್ನ ಕಸುಬು. ವರ್ಷವಿಡೀ ಬ್ಲೌಸು, ಚೂಡಿದಾರ, ಜೂನ್ ಬಂತೆಂದರೆ ಶಾಲೆಯ ಯೂನಿಫಾರ್ಮು. ಕ್ರಿಕೆಟ್ ಬಗ್ಗೆ ಪತ್ರ ಬರೆಯುವಷ್ಟು ತಿಳಿದವಳೇನಲ್ಲ. ಆದರೆ ಈ ವರ್ಷ ಅಂಗಡಿಗೆ ಬಂದ ಹೈಸ್ಕೂಲ್ ಹುಡುಗಿಯರದ್ದು ಒಂದೇ ಬೇಡಿಕೆ: "ಅಕ್ಕಾ, ಪ್ಯಾಂಟಿಗೆ ಕಿಸೆ ಹಚ್ಚಿ ಕೊಡ್ರಿ."

ಹುಡುಗಿಯರ ಆಟದ ಪ್ಯಾಂಟಿಗೆ ಕಿಸೆ ಇಡುವ ರೂಢಿ ನನ್ನ ಅಂಗಡಿಯಲ್ಲಿ ಇರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಯಾಕೆ ಬೇಕವ್ವಾ ಎಂದೆ. "ಹರ್ಮನ್‌ಪ್ರೀತ್ ಬಾಲ್ ಕಿಸೆದಾಗ ಇಟ್ಕೊಂಡ್ಲಲ್ರಿ!" ಅಂದಳು ಒಬ್ಬಳು. 2025ರ ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರಲ್ಲ, ಆಗಿನ ಮಾತು. ಕೊನೆಯ ಕ್ಯಾಚ್ ನಾಯಕಿಯ ಕೈಗೇ ಬಂತು. ಹಿಡಿದ ಬಾಲನ್ನು ಅವರು ಕಿಸೆಗೆ ಹಾಕಿಕೊಂಡರು. ನಾನು ಟಿವಿಯಲ್ಲಿ ಕಪ್ ನೋಡಿದ್ದೆ, ಇವರು ಕಿಸೆ ನೋಡಿದ್ದಾರೆ.

ಇವರು ಆಡುವುದು ಶಾಲೆಯ ಮೈದಾನದಲ್ಲಲ್ಲ, ಗದ್ದೆಯಲ್ಲಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದದ್ದು ನಿಮ್ಮ ಓದುಗರಿಗೆ ನೆನಪಿರಬೇಕು. ಗೇಟುಗಳನ್ನು ಬದಲಿಸುವ ಕೆಲಸ ಇದೆಯೆಂದು ಈ ಸಲ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ನಮ್ಮ ಕಡೆ ಎಲ್ಲರಿಗೂ ಪೆಟ್ಟು. ರೈಸ್ ಮಿಲ್ ಹಮಾಲರಿಗೆ ಕೆಲಸ ಕಡಿಮೆ, ನನಗೆ ಗಿರಾಕಿ ಕಡಿಮೆ. ಲಾಭ ಆಗಿದ್ದರೆ ಈ ಹುಡುಗಿಯರಿಗೆ ಮಾತ್ರ. ಭತ್ತ ಕೊಯ್ದ ಗದ್ದೆ ಖಾಲಿ ಬಿತ್ತು. ಕೂಳೆ ಕಿತ್ತರು, ಹೆಂಟೆ ಒಡೆದರು, ಕೊಡದಲ್ಲಿ ನೀರು ಹೊತ್ತು ತಂದು ಚಿಮುಕಿಸಿ ಗುದ್ದಿ ಪಿಚ್ ಮಾಡಿಕೊಂಡರು. ಅಳತೆಗೆ ನನ್ನ ಟೇಪೇ ಬೇಕಾಯಿತು. 60 ಇಂಚಿನ ಟೇಪು 13 ಸಲ ಹಾಕಿ, ಮೇಲೆ ಒಂದು ಅಡಿ. ಸರಿಯಾಗಿ 22 ಗಜ.

ಒಂದು ಸಂಜೆ ಮಗಳನ್ನು ಕರೆಯಲು ಹೋದವಳು ಬದುವಿನ ಮೇಲೆ ನಿಂತುಬಿಟ್ಟೆ. ಪಕ್ಕದ ಕ್ಯಾಂಪಿನ (ನಮ್ಮ ಕಡೆ ಗದ್ದೆಗಳ ನಡುವಿನ ಸಣ್ಣ ಊರಿಗೆ ಹಾಗೆನ್ನುತ್ತಾರೆ) ಹುಡುಗಿಯರ ಜೊತೆ ಮ್ಯಾಚ್ ನಡೆದಿತ್ತು. ಕೊನೆಯ ಓವರ್. ನಮ್ಮ ತಂಡದ ನಾಯಕಿ ಒಬ್ಬ ಹಮಾಲರ ಮಗಳು, ಒಂಬತ್ತನೇ ತರಗತಿ. ನನ್ನ ಮಗಳು ಹತ್ತನೆಯದು. ಆ ಹುಡುಗಿ ನನ್ನ ಮಗಳಿಗೆ, "ಅಕ್ಕಾ, ಅಲ್ಲಿ ಬ್ಯಾಡ, ಬದುವಿನ ಕಡೆ ಹೋಗ್ರಿ. ಆಕಿ ಈ ಕಡೆನೇ ಎತ್ತಿ ಹೊಡಿತಾಳ" ಅಂದಳು. ನನ್ನ ಮಗಳು ಮುಖ ಗಂಟು ಹಾಕಿಕೊಂಡು, "ನೀ ನನಗ ಹೇಳ್ತೀ?" ಅಂತ ಗೊಣಗುತ್ತಲೇ ಬಂದು ನಿಂತಳು. ಮುಂದಿನ ಬಾಲು ನೆಟ್ಟಗೆ ಅಲ್ಲಿಗೇ ಬಂತು. ಮಗಳ ಕೈಗೆ ಬಿದ್ದು ಜಾರಿತು. ನನಗೇ ಬೈಯುವಷ್ಟು ಸಿಟ್ಟು ಬಂತು. ಆ ಹುಡುಗಿ ಎರಡು ಸಲ ಚಪ್ಪಾಳೆ ತಟ್ಟಿ, "ಇರ್ಲಿ ಬಿಡ್ರಿ ಅಕ್ಕಾ, ಇನ್ನ ಮೂರು ಬಾಲ್ ಅದಾವ" ಅಂದಳು. ಅಷ್ಟೇ.

ಮ್ಯಾಚ್ ಸೋತರು. ದಾರಿಯುದ್ದಕ್ಕೂ ಮಗಳು ಬಾಯಿ ಬಿಡಲಿಲ್ಲ. ಮನೆ ಹತ್ತಿರ ಬಂದಾಗ, "ಆಕಿ ಹೇಳಿದ್ದು ಖರೇ ಇತ್ತು" ಅಂದಳು. ನನ್ನ ಅಂಗಡಿಯಲ್ಲಿ ಕೆಲಸದ ಹುಡುಗಿ ಒಂದು ತೋಳು ತಪ್ಪು ಕತ್ತರಿಸಿದರೆ ನನ್ನ ದನಿ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತದೆ.

ಇದೇ ಹುಡುಗಿಗೆ ಶಾಲೆಯಲ್ಲಿ ಏನು ಕೆಲಸ ಗೊತ್ತೇ? ಅತಿಥಿಗಳು ಬಂದರೆ ಆರತಿ ತಟ್ಟೆ ಹಿಡಿಯುವುದು. ಶಾಲಾ ಸಂಸತ್ತಿನಲ್ಲಿ ಪ್ರಧಾನಿ ಹುಡುಗ, ಕ್ರೀಡಾ ಮಂತ್ರಿಯೂ ಹುಡುಗ. ಹುಡುಗಿಯರಿಗೆ ಸಿಕ್ಕಿದ್ದು ಸ್ವಚ್ಛತೆ. ಕ್ರಿಕೆಟ್ ಕಿಟ್ ಬೀರುವಿನಲ್ಲಿದೆ. ಕೇಳಲು ಹೋದರೆ, "ಹುಡುಗಿಯರಿಗೆ ಥ್ರೋಬಾಲ್, ಖೋ-ಖೋ ಅದಾವಲ್ರಿ" ಎಂದರು ಶಾಲೆಯವರು. ಖೋ-ಖೋ ಮೇಲೆ ನನಗೇನೂ ಸಿಟ್ಟಿಲ್ಲ, ನಾನೂ ಆಡಿದವಳೇ. ಆದರೆ ಕ್ರಿಕೆಟ್‌ನಲ್ಲಿ ಬಾಲ್ ಬಾಲಿಗೂ ಒಬ್ಬಳು ನಿಂತು ಯೋಚಿಸಬೇಕು, ತನಗಿಂತ ದೊಡ್ಡವರಿಗೂ ಹೇಳಬೇಕು, ತಪ್ಪಾದರೆ ತಾನೇ ಹೊರಬೇಕು. ಮೊದಲು ತಂಡದಲ್ಲೇ ಇರದಿದ್ದ ಶಫಾಲಿ ವರ್ಮಾ ಬ್ಯಾಟಿಂಗಿಗೆ ಹೆಸರಾದವಳು. ಫೈನಲ್‌ನಲ್ಲಿ ಅವಳ ಕೈಗೆ ಬಾಲ್ ಕೊಟ್ಟದ್ದು ಹರ್ಮನ್‌ಪ್ರೀತ್. ಎರಡು ವಿಕೆಟ್ ಬಿದ್ದವು. ಬೀಳದಿದ್ದರೆ ಮರುದಿನ ಬೈಗುಳ ಯಾರಿಗೆ ಬರುತ್ತಿತ್ತು ಹೇಳಿ.

ಹಾಗಾಗಿ ಹುಡುಗಿಯರಿಗೆ ತಂಡ ಕಟ್ಟಿಕೊಟ್ಟು, ಸರ್ ಗೆರೆಯ ಹೊರಗೆ ನಿಂತು "ಬೌಲಿಂಗ್ ಆಕಿಗೆ ಕೊಡು, ಈಕಿನ ಹಿಂದ ನಿಲ್ಲಿಸು" ಅಂತ ಕೂಗಿದರೆ ಏನೂ ಆದಂತಲ್ಲ. ಹುಡುಗರ ಮ್ಯಾಚಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಪಾಪ, ನಾಯಕ ಅನ್ನಿಸಿಕೊಂಡವನು ಟಾಸ್ ಹಾಕಿದ್ದೊಂದೇ ಕೆಲಸ.

ಇನ್ನೊಂದು ಮಾತು, ಇದು ಟೇಲರ್ ಕಣ್ಣಿನದು. ಶಾಲೆಯ ಕಿಟ್‌ನಲ್ಲಿರುವುದೆಲ್ಲ ದೊಡ್ಡವರ ಬ್ಯಾಟು. ಪ್ಯಾಡ್ ಕಟ್ಟಿದರೆ ಹುಡುಗಿಯರ ತೊಡೆಗೆ ಬಂದು ಬಡಿಯುತ್ತದೆ. ಅಳತೆ ತಪ್ಪಿದ ಬಟ್ಟೆಯಲ್ಲಿ ಯಾರು ಓಡುತ್ತಾರೆ? ಗಂಡಸರ ಕ್ರಿಕೆಟ್ ಬಾಲು 156ರಿಂದ 163 ಗ್ರಾಂ, ಹೆಂಗಸರದ್ದು 140ರಿಂದ 151 ಗ್ರಾಂ. ದೊಡ್ಡ ಆಟಗಾರ್ತಿಯರಿಗೇ ಅಳತೆ ನೋಡಿ ಮಾಡಿದ್ದಾರೆ, ಹದಿನಾಲ್ಕರ ಹುಡುಗಿಗೆ ನೋಡಬಾರದೇ? ಹಾಗೆಯೇ ಬಿಳಿ ಪ್ಯಾಂಟ್ ಬೇಡ, ಕಡುನೀಲಿ ಇರಲಿ. ಯಾಕೆಂದು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

"ಇದೆಲ್ಲ ಬೆಂಗಳೂರಿನವರಿಗೆ" ಅನ್ನುವವರು ನಮ್ಮಲ್ಲಿ ಜಾಸ್ತಿ. 2017ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ 79ಕ್ಕೆ ಮಗುಚಿಬಿತ್ತು. 15 ರನ್ ಕೊಟ್ಟು 5 ವಿಕೆಟ್ ಕಿತ್ತ ರಾಜೇಶ್ವರಿ ಗಾಯಕವಾಡ್ ವಿಜಯಪುರದವರು. ಅದೇ ಮ್ಯಾಚಿನಲ್ಲಿ 45 ಬಾಲಿಗೆ 70 ಬಾರಿಸಿದ ವೇದಾ ಕೃಷ್ಣಮೂರ್ತಿ ಕಡೂರಿನವರು. ವಿಜಯಪುರದ ಬಿಸಿಲೇನು ನಮ್ಮ ಬಿಸಿಲಿಗಿಂತ ತಂಪೇ?

ಬಿಸಿಲು ಅಂದದ್ದಕ್ಕೆ ನೆನಪಾಯಿತು. ಪಕ್ಕದ ಮನೆಯ ಅವ್ವನಿಗೆ ಇವರು ಕಪ್ಪಾಗುವುದೇ ದೊಡ್ಡ ಚಿಂತೆ, "ನಾಳೆ ಗಂಡು ಯಾರು ಒಪ್ತಾರ?" ಅಂತ. ಎಸ್ಸೆಸ್ಸೆಲ್ಸಿ ಮುಗಿಯುವುದಕ್ಕೇ ಕಾದು ಗಂಡು ನೋಡುವ ಮನೆಗಳು ನಮ್ಮ ಓಣಿಯಲ್ಲಿ ಇನ್ನೂ ಇವೆ. ತನಗಿಂತ ದೊಡ್ಡವಳಿಗೆ "ಅಲ್ಲಿ ಬ್ಯಾಡ" ಅಂದ ಹುಡುಗಿ, ಮನೆಯಲ್ಲೂ ಒಂದು ದಿನ "ಈಗ ಬ್ಯಾಡ" ಅಂದಾಳು ಎಂಬ ಆಸೆ ನನಗಿದೆ. ಅವರಿಗೆ ಇರುವ ಭಯವೂ ಅದೇ ಇರಬಹುದು.

ಮುಂಗಾರಿಗೆ ಕಾಲುವೆಗೆ ನೀರು ಬಂದರೆ ಗದ್ದೆಯಲ್ಲಿ ನಾಟಿ ಶುರು. ಬರಲಿ, ನಮಗೂ ಅನ್ನ ಬೇಕು. ಆದರೆ ಆ ಪಿಚ್ ಕೆಸರಾಗುವ ಮೊದಲು ಹೈಸ್ಕೂಲಿನವರು ವಾರಕ್ಕೆ ಎರಡು ಸಂಜೆ, ನಾಲ್ಕೂವರೆಯಿಂದ ಐದೂವರೆ, ಮೈದಾನವನ್ನು ಹುಡುಗಿಯರಿಗೇ ಬಿಟ್ಟುಕೊಡಲಿ. ಆ ಒಂದು ತಾಸು ಹುಡುಗರು ಬೇಕಾದರೆ ಖೋ-ಖೋ ಆಡಲಿ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಇಲ್ಲ. ಆಟ ಮುಗಿಸಿದವರಿಗೆ ಆರು ಗಂಟೆಗೆ ಕ್ಯಾಂಪುಗಳ ಕಡೆ ಒಂದು ಬಸ್ ಇದ್ದರೆ ಸಾಕು, ಅಪ್ಪಂದಿರ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ನಮ್ಮ ತಾಲ್ಲೂಕಿನ ಯಾವುದೇ ಹೈಸ್ಕೂಲು ಈ ವರ್ಷ ಹುಡುಗಿಯರ ತಂಡ ಕಟ್ಟಿ, ಹುಡುಗಿಯ ಕೈಗೇ ನಾಯಕತ್ವ ಕೊಟ್ಟರೆ ಹನ್ನೊಂದೂ ಪ್ಯಾಂಟು ನಾನು ಹೊಲಿದುಕೊಡುತ್ತೇನೆ. ಬಟ್ಟೆ ತಂದುಕೊಡಲಿ, ಕೂಲಿ ಬೇಡ. ಕಿಸೆ ಎರಡೂ ಕಡೆ ಇರುತ್ತದೆ.

— ಒಬ್ಬ ಹೊಲಿಗೆಯಾಕೆ, ಕಾರಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ