ಎದುರಿಗೆ ಕೊಚ್ಚದ ಕೈಮಾ

ಮಾನ್ಯ ಸಂಪಾದಕರೇ,

ಪ್ರಾಣಿಯನ್ನು ಕೊಲ್ಲದೆ, ಅದರ ಮೈಯಿಂದ ತೆಗೆದ ಒಂದಿಷ್ಟು ಜೀವಕೋಶಗಳನ್ನು ಉಕ್ಕಿನ ತೊಟ್ಟಿಯಲ್ಲಿ ಬೆಳೆಸಿ ತಯಾರಿಸುವ ಮಾಂಸವನ್ನು ನಮ್ಮ ಜನ ತಿನ್ನುವರೇ ಎಂಬ ಪ್ರಶ್ನೆಗೆ ಈಚೆಗೆ ಎರಡು ಬಗೆಯ ಉತ್ತರಗಳು ಕೇಳಿಬರುತ್ತಿವೆ. ‘ಛೀ, ಅದನ್ನು ಯಾರು ಮುಟ್ಟುತ್ತಾರೆ’ ಎನ್ನುವವರು ಕೆಲವರು. ‘ಬೆಲೆ ಇಳಿದರೆ ಎಲ್ಲರೂ ತಿನ್ನುತ್ತಾರೆ’ ಎನ್ನುವವರು ಇನ್ನು ಕೆಲವರು. ಮೂವತ್ತೊಂದು ವರ್ಷ ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಪಶುವೈದ್ಯನಾಗಿದ್ದು, ಅದರಲ್ಲಿ ಆರು ವರ್ಷ ಪಟ್ಟಣವೊಂದರ ಕಸಾಯಿಖಾನೆಯಲ್ಲಿ ಮಾಂಸ ಪರೀಕ್ಷೆಯ ಕೆಲಸ ಮಾಡಿದ ನನಗೆ, ಈ ಎರಡೂ ಉತ್ತರಗಳು ನಮ್ಮ ಜನ ಮಾಂಸ ಕೊಳ್ಳುವ ರೀತಿಯನ್ನೇ ಗಮನಿಸದೆ ಹೇಳಿದವು ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಯಾವುದಾದರೂ ಮಟನ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಬೇಕು. ಬಂದವರು ಮೊದಲು ನೇತುಹಾಕಿದ ಮರಿಯ ತೊಡೆಯನ್ನೂ ಕೊಬ್ಬಿನ ಬಣ್ಣವನ್ನೂ ನೋಡುತ್ತಾರೆ. ಕುರಿಯೋ ಮೇಕೆಯೋ, ಎಳೆಯದೋ ಬಲಿತದ್ದೋ ಎಂದು ವಿಚಾರಿಸುತ್ತಾರೆ. ‘ತೊಡೆಯಲ್ಲಿ ಅರ್ಧ ಕೆಜಿ, ಎದೆಯಲ್ಲಿ ಅರ್ಧ, ಒಂದು ನಲ್ಲಿ ಮೂಳೆ ಹಾಕಿ’ ಎಂದು ಬೆರಳು ಮಾಡಿ ತೋರಿಸಿ ಕೊಯ್ಯಿಸುತ್ತಾರೆ. ಕೈಮಾ ಬೇಕಾದವರಂತೂ ಕತ್ತಿಯ ಮೇಲಿನ ಕಣ್ಣನ್ನು ತೆಗೆಯುವುದೇ ಇಲ್ಲ. ‘ಕೈಮಾನ ಎದುರಿಗೇ ಕೊಚ್ಚಿಸ್ಕೊಂಡು ಬಾ, ಕೊಚ್ಚಿಟ್ಟಿರೋದು ತರಬೇಡ’ ಎಂದು ನನ್ನ ತಾಯಿ ಪ್ರತಿಸಲ ಹೇಳಿ ಕಳಿಸುತ್ತಿದ್ದರು. ತುಂಡು ಮಾಂಸಕ್ಕೆ ರೂಪವಿದೆ, ನರವಿದೆ, ಮೂಳೆಯಿದೆ. ಅದು ಯಾವುದರದು, ಎಂದಿನದು ಎಂದು ತಿಳಿದವರು ಊಹಿಸಬಲ್ಲರು. ಕೊಚ್ಚಿದ ಮೇಲೆ ಯಾವುದಕ್ಕೆ ಯಾವುದು ಬೆರೆತಿದೆಯೋ ಹೇಳಲಾಗದು ಎಂಬುದು ಆ ಎಚ್ಚರಿಕೆಯ ಹಿಂದಿದ್ದ ತಿಳಿವಳಿಕೆ.

ಕೋಶಗಳಿಂದ ಬೆಳೆಸಿದ ಮಾಂಸ ಈವರೆಗೆ ಹೆಚ್ಚಾಗಿ ಬಂದಿರುವುದು ಈ ಕೈಮಾದ ರೂಪದಲ್ಲಿಯೇ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ 2013ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಎಲ್ಲರೆದುರು ಬೇಯಿಸಿ ತೋರಿಸಿದ್ದು ದನದ ಸ್ನಾಯುಕೋಶಗಳಿಂದ ಬೆಳೆಸಿದ ಸುಮಾರು 20,000 ಎಳೆಗಳನ್ನು ಒತ್ತಿ ಮಾಡಿದ, ಬರ್ಗರಿಗೆ ಹಾಕುವಂಥ ಒಂದು ಬಿಲ್ಲೆ. ಅದಕ್ಕೆ ತಗಲಿದ ವೆಚ್ಚ ಸುಮಾರು ಎರಡೂವರೆ ಲಕ್ಷ ಯೂರೋ. ಬಣ್ಣಕ್ಕೆಂದು ಬೀಟ್‌ರೂಟ್ ರಸವನ್ನೂ ಕೇಸರಿಯನ್ನೂ ಬೆರೆಸಿದ್ದರು. ರುಚಿ ನೋಡಿದವರು ಮಾಂಸಕ್ಕೆ ಹತ್ತಿರವಾಗಿದೆ, ಆದರೆ ಕೊಬ್ಬಿಲ್ಲದೆ ಒಣಗಿದಂತಿದೆ ಎಂಬರ್ಥದ ಮಾತು ಹೇಳಿದರು. 2020ರ ಡಿಸೆಂಬರ್‌ನಲ್ಲಿ ಇಂಥ ಕೋಳಿಮಾಂಸದ ಮಾರಾಟಕ್ಕೆ ಜಗತ್ತಿನಲ್ಲಿಯೇ ಮೊದಲು ಅನುಮತಿ ಕೊಟ್ಟ ಸಿಂಗಪುರದಲ್ಲಿ ಗ್ರಾಹಕರ ತಟ್ಟೆಗೆ ಬಂದದ್ದು ನಗೆಟ್ಸ್, ಎಂದರೆ ಕೊಚ್ಚಿದ ಮಾಂಸವನ್ನು ಒತ್ತಿ ಕರಿದ ತುಂಡುಗಳು. ಬೋಟಿ, ಲಿವರ್, ತಲೆಮಾಂಸ, ಕಾಲುಸೂಪು ಎಂದು ಪ್ರಾಣಿಯ ಒಂದೊಂದು ಭಾಗಕ್ಕೆ ಒಂದೊಂದು ಅಡುಗೆ ಕಟ್ಟಿಕೊಂಡಿರುವ ನಮ್ಮ ಬಾಡೂಟದಲ್ಲಿ ಅದಕ್ಕೆ ಸದ್ಯಕ್ಕೆ ಸಿಗಬಹುದಾದ ಜಾಗ ಕೈಮಾ ಉಂಡೆ ಮತ್ತು ಕಬಾಬು ಮಾತ್ರ. ನಮ್ಮವರು ಅತಿ ಹೆಚ್ಚು ಅನುಮಾನದಿಂದ ನೋಡುವ ರೂಪದಲ್ಲಿ, ಅದೂ ಕೊಚ್ಚುವ ಕೈಯನ್ನು ನೋಡಲಾಗದ ಪೊಟ್ಟಣದಲ್ಲಿ ಈ ಮಾಂಸ ಬರಲಿದೆ ಎಂಬುದನ್ನು ಅದನ್ನು ತಯಾರಿಸುವವರೂ ನಮ್ಮಲ್ಲಿ ಅದಕ್ಕೆ ನಿಯಮ ರೂಪಿಸುವವರೂ ಮೊದಲು ಅರ್ಥ ಮಾಡಿಕೊಳ್ಳಬೇಕು.

ಹಳೇ ಮೈಸೂರು ಸೀಮೆಯ ಗುಡ್ಡೆ ಮಾಂಸವನ್ನು ಬಲ್ಲವರಿಗೆ, ಕಣ್ಣಾರೆ ಕಂಡದ್ದನ್ನೇ ನಂಬುವ ಈ ರೀತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯುಗಾದಿಯ ಮರುದಿನ, ಹೊಸತೊಡಕಿಗೆ, ವರ್ಷವಿಡೀ ಚೀಟಿ ಕಟ್ಟಿದ ಮನೆಗಳವರು ಸೇರಿ ಕುರಿಗಳನ್ನು ತರುತ್ತಾರೆ. ಬನ್ನೂರು ಕುರಿ ಸಿಕ್ಕರಂತೂ ಆ ವರ್ಷದ ಮಾತೇ ಬೇರೆ. ಹಲ್ಲು ನೋಡಿ, ಬೆನ್ನು ಹಿಡಿದು ನೋಡಿ ತಂದ ಕುರಿಯನ್ನು ಬೆಳಗಿನ ಜಾವ ಎಲ್ಲರೆದುರು ಕೊಯ್ದು, ಹಾಸಿದ ಎಲೆಗಳ ಮೇಲೆ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ತೊಡೆಯದಿಷ್ಟು, ಪಕ್ಕೆಯದಿಷ್ಟು, ಲಿವರ್ ಒಂದು ಚೂರು, ಬೋಟಿ ಒಂದು ಹಿಡಿ ಬೀಳುವಂತೆ ಹಿರಿಯರು ಕೂತು ಸರಿಮಾಡುತ್ತಾರೆ. ತಕ್ಕಡಿಯಿಲ್ಲದೆ ನಡೆಯುವ ಈ ಹಂಚಿಕೆಯಲ್ಲಿ ಜಗಳವಾದುದನ್ನು ನಾನು ಕಂಡದ್ದು ಬಹಳ ಕಡಿಮೆ, ಏಕೆಂದರೆ ಎಲ್ಲರೂ ಕುರಿಯನ್ನು ಕಂಡಿದ್ದಾರೆ, ಕೊಯ್ದ ಕೈಯನ್ನು ಕಂಡಿದ್ದಾರೆ, ಪಾಲನ್ನೂ ಕಂಡಿದ್ದಾರೆ.

ಈಗ ‘ಛೀ’ ಎನ್ನುವವರ ಮಾತಿಗೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿದ ಎಂಬತ್ತರ ದಶಕದಲ್ಲಿ ಹಳ್ಳಿಗಳಲ್ಲಿ ಕೃತಕ ಗರ್ಭಧಾರಣೆಗೆ ಹಸು ಹಿಡಿದು ತರುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ‘ಹೋರಿ ಮುಖಾನೇ ನೋಡ್ದೆ ಹುಟ್ಟೋ ಕರು ಎಂಥ ಕರು ಡಾಕ್ಟ್ರೇ, ಬದುಕ್ತದಾ ಅದು?’ ಎಂದು ಮದ್ದೂರು ಕಡೆಯ ಒಬ್ಬ ಅಜ್ಜಿ ನನ್ನನ್ನು ಕೊಟ್ಟಿಗೆಯಿಂದಲೇ ವಾಪಸು ಕಳಿಸಿದ್ದರು. ಸೀಮೆಹಸುವಿನ ಹಾಲು ನೀರು, ದೇವರ ಅಭಿಷೇಕಕ್ಕೆ ಬಾರದು ಎನ್ನುವ ಮಾತು ಆಗ ಮನೆಮನೆಯಲ್ಲಿತ್ತು. ಮೂರು ವರ್ಷದ ಮೇಲೆ ಅದೇ ಅಜ್ಜಿ ಸೀಮೆಹಸುವಿನ ಹಾಲಿನ ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಂತಿದ್ದರು. ಅವರ ಮನಸ್ಸು ತಿರುಗಿದ್ದು ನನ್ನ ಭಾಷಣದಿಂದಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಅಂಥ ಕರು ಹುಟ್ಟಿ, ಬೆಳೆದು, ಕರು ಹಾಕಿ ಹಾಲು ಕೊಟ್ಟದ್ದನ್ನು ಅವರು ದಿನವೂ ಕಂಡಿದ್ದರು. ಡೇರಿಯಲ್ಲಿ ಬೆಳಿಗ್ಗೆ ಸಂಜೆ ಕಣ್ಣೆದುರೇ ಹಾಲನ್ನು ಅಳೆದು, ಪರೀಕ್ಷೆ ಮಾಡಿ ಪುಸ್ತಕಕ್ಕೆ ಬರೆದುಕೊಡುತ್ತಿದ್ದರು. ಹೆಸರಿನಲ್ಲಿಯೇ ‘ಕೃತಕ’ ಎಂದಿದ್ದರೂ ಹುಟ್ಟಿದ್ದು ಕೃತಕ ಕರುವಲ್ಲ ಎಂದು ಜನ ಮನಗಂಡರು. ಹಾಗೆ ನೋಡಿದರೆ ಈ ಹೊಸ ಮಾಂಸವನ್ನು ‘ಕೃತಕ ಮಾಂಸ’ ಎನ್ನುವುದೂ ಸರಿಯಲ್ಲ. ಸೋಯಾದಿಂದ ಮಾಂಸದ ಹಾಗೆ ಮಾಡಿದ ಪದಾರ್ಥ ಬೇರೆ. ಇದು ಪ್ರಾಣಿಯದೇ ಸ್ನಾಯುಕೋಶ, ಪ್ರಾಣಿಯ ಮೈಬಿಸಿಯಷ್ಟೇ ಬಿಸಿಯಲ್ಲಿ, ಸಕ್ಕರೆ, ಅಮೈನೋ ಆಮ್ಲ, ಲವಣಗಳಿರುವ ದ್ರವವನ್ನು ಹೀರಿಕೊಂಡು ಬೆಳೆದದ್ದು.

ಬೆಲೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎನ್ನುವವರು 2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಮೈಸೂರಿನಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಅದೇ ಹೊತ್ತಿಗೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ಫಾರಂ ಕೋಳಿಯ ಬೆಲೆ ನೆಲ ಕಚ್ಚಿತು, ಕೆಲವೆಡೆ ಪುಕ್ಕಟೆ ಕೊಟ್ಟರೂ ಒಯ್ಯುವವರಿರಲಿಲ್ಲ, ಸಾಕಿದವರು ಹಕ್ಕಿಗಳನ್ನು ಗುಂಡಿ ತೋಡಿ ಮುಚ್ಚಿದರು. ಚೆನ್ನಾಗಿ ಬೇಯಿಸಿದ ಕೋಳಿಯಿಂದ ಅಪಾಯವಿಲ್ಲ ಎಂದು ನಾವು ಪಶುವೈದ್ಯರು ಎಷ್ಟು ಹೇಳಿದರೂ, ಅಷ್ಟು ವರ್ಷ ತಿಂದು ಅಭ್ಯಾಸವಾಗಿದ್ದ ಮಾಂಸವನ್ನು ಜನ ವಾರಗಟ್ಟಲೆ ಮುಟ್ಟಲಿಲ್ಲ. ನಂಬಿಕೆ ಹೋದ ದಿನ ಸೊನ್ನೆ ಬೆಲೆಯೂ ಕೊಳ್ಳುವವರನ್ನು ಕರೆತರಲಿಲ್ಲ. ತಲೆಮಾರುಗಳಿಂದ ತಿಂದ ಕೋಳಿಗೇ ಹೀಗಾಗುವುದಾದರೆ, ಯಾರೂ ಕಾಣದ ತೊಟ್ಟಿಯಲ್ಲಿ ಬೆಳೆದ ಮಾಂಸದ ಬಗ್ಗೆ ಒಂದು ಸುಳ್ಳು ಸುದ್ದಿ ಹರಡಿದರೆ ಏನಾದೀತು ಎಂಬುದನ್ನು ಊಹಿಸಬಹುದು.

2019ರಲ್ಲಿ ಪ್ರಕಟವಾದ, ಅಮೆರಿಕ, ಚೀನಾ ಮತ್ತು ಭಾರತದ ಗ್ರಾಹಕರ ಸಮೀಕ್ಷೆಯೊಂದರಲ್ಲಿ ಭಾರತದ ಉತ್ತರದಾರರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಇಂಥ ಮಾಂಸವನ್ನು ಕೊಳ್ಳುವ ಸಾಧ್ಯತೆ ಬಹಳವಿದೆ ಎಂದಿದ್ದರು. ಅಮೆರಿಕದಲ್ಲಿ ಹಾಗೆ ಹೇಳಿದವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಆದರೆ ನಮ್ಮವರ ಪೈಕಿ ಉತ್ತರಿಸಿದವರು ಹೆಚ್ಚಾಗಿ ನಗರವಾಸಿಗಳು, ಓದಿದವರು. ಗಣಕಯಂತ್ರದ ಮುಂದೆ ಕುಳಿತು ‘ಕೊಳ್ಳುತ್ತೇನೆ’ ಎನ್ನುವುದಕ್ಕೂ ಹಬ್ಬದ ಸಾರಿಗೆ ಅದನ್ನೇ ತಂದು ನೆಂಟರಿಗೆ ಬಡಿಸುವುದಕ್ಕೂ ಬಹಳ ದೂರವಿದೆ.

ಸಸ್ಯಾಹಾರಿಗಳು ಇದನ್ನು ಒಪ್ಪುವರೇ ಎಂಬ ಚರ್ಚೆ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐವರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು. ತಿನ್ನಬೇಕೋ ಬೇಡವೋ ಎಂದು ನಿಜವಾಗಿ ತೀರ್ಮಾನಿಸಬೇಕಾದವರು ಅವರು.

ಈ ಮಾಂಸದಲ್ಲಿ ಒಳಿತಿದೆ ಎಂದು ಮನಸಾರೆ ನಂಬಿದವನು ನಾನು. ಕಸಾಯಿಖಾನೆಯ ಆರು ವರ್ಷಗಳಲ್ಲಿ ಪ್ರತಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಿ, ಜೀವಂತ ಪ್ರಾಣಿಯ ನಡಿಗೆ, ಮೂಗು, ಕಣ್ಣು ನೋಡಿ, ಕೊಯ್ದ ಮೇಲೆ ಲಿವರ್ ಸೀಳಿ ಹುಳು ಹುಡುಕಿ, ಶ್ವಾಸಕೋಶದ ನೀರುಗುಳ್ಳೆಗಳನ್ನು ಒತ್ತಿ ನೋಡಿ, ದುಗ್ಧರಸ ಗ್ರಂಥಿಗಳನ್ನು ಕತ್ತರಿಸಿ ನೋಡಿ ಮುದ್ರೆ ಒತ್ತುತ್ತಿದ್ದೆ. ಸಾಲಿನ ಕೊನೆಯಲ್ಲಿ ಕಟ್ಟಿದ ಮರಿ ಮುಂದಿನದನ್ನು ನೋಡುತ್ತ ನಿಂತಿರುತ್ತಿದ್ದ ರೀತಿ ಇಂದಿಗೂ ನನ್ನ ಕಣ್ಣ ಮುಂದಿದೆ. ಆ ನೋವಿಲ್ಲದೆ, ಪ್ರಾಣಿಗಳಿಂದ ಮನುಷ್ಯರಿಗೆ ಅಂಟುವ ಆಂಥ್ರಾಕ್ಸ್, ಬ್ರುಸೆಲ್ಲೋಸಿಸ್‌ನಂಥ ರೋಗಗಳ ಭಯವಿಲ್ಲದೆ ಮಾಂಸ ಸಿಗುವುದಾದರೆ ನನ್ನಷ್ಟು ಸಂತೋಷಪಡುವವರು ಕಡಿಮೆ. ಆದ್ದರಿಂದಲೇ ಅದರ ಬಗ್ಗೆ ಅರ್ಧ ಸತ್ಯ ಹೇಳಬಾರದು ಎಂಬ ಕಾಳಜಿಯೂ ನನಗಿದೆ. ‘ಹಿಂಸೆಯಿಲ್ಲದ ಮಾಂಸ’ ಎಂದು ಹೊಗಳಿದ ಆರಂಭದ ದಿನಗಳಲ್ಲಿ ಕೋಶಗಳನ್ನು ಬೆಳೆಸಲು ಬಳಸುತ್ತಿದ್ದದ್ದು, ಗಬ್ಬದ ಹಸುವನ್ನು ಕಡಿದಾಗ ಅದರ ಹೊಟ್ಟೆಯ ಕರುವಿನ ರಕ್ತದಿಂದ ತೆಗೆಯುವ ಸೀರಂ ಎಂಬ ತಿಳಿದ್ರವ. ಸಿಂಗಪುರದಲ್ಲಿ ಮೊದಲು ಮಾರಾಟವಾದ ಕೋಳಿಯ ತಯಾರಿಕೆಯಲ್ಲಿಯೂ ಅದು ಇತ್ತು. ಸೀರಂ ಇಲ್ಲದ ದ್ರವಕ್ಕೆ ಅಲ್ಲಿ ಅನುಮತಿ ಸಿಕ್ಕಿದ್ದು 2023ರ ಜನವರಿಯಲ್ಲಿ. ಆ ಕೋಳಿಮಾಂಸ ತಯಾರಿಸಿದ ಕಂಪನಿಯೇ 2024ರಲ್ಲಿ ಸಿಂಗಪುರದ ಮಾಂಸದಂಗಡಿಯೊಂದರಲ್ಲಿ ಮಾರಾಟಕ್ಕಿಟ್ಟ ಪೊಟ್ಟಣದಲ್ಲಿದ್ದ ಕೋಳಿಕೋಶದ ಪ್ರಮಾಣ ಶೇ 3 ಮಾತ್ರ, ಉಳಿದದ್ದರಲ್ಲಿ ಬಹುಪಾಲು ಸಸ್ಯಮೂಲದ್ದು. ಆ ಕಂಪನಿ ಅದನ್ನು ಮುಚ್ಚಿಡಲಿಲ್ಲ, ಪದಾರ್ಥದ ಹೆಸರಿನಲ್ಲಿಯೇ ಆ 3 ಇತ್ತು. ನಮ್ಮಲ್ಲಿಯೂ ಹಾಗೆಯೇ ಆಗುತ್ತದೆಂದು ನಿಯಮವಿಲ್ಲದೆ ನಂಬಿ ಕೂರಲಾಗದು.

ಇಟಲಿ 2023ರಲ್ಲಿ ಇಂಥ ಮಾಂಸದ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿತು, ಅಮೆರಿಕದ ಫ್ಲಾರಿಡಾ ರಾಜ್ಯ 2024ರಲ್ಲಿ ಅದೇ ದಾರಿ ಹಿಡಿಯಿತು. ನಮ್ಮಲ್ಲಿಯೂ ಅಂಥ ಬೇಡಿಕೆ ಬಂದರೆ ನಾನು ವಿರೋಧಿಸುತ್ತೇನೆ. ತಿನ್ನುವವರು ನೋಡಿ ತೀರ್ಮಾನಿಸಬೇಕಾದ್ದನ್ನು ಅವರ ಕಣ್ಣಿಗೇ ಬೀಳದಂತೆ ಮಾಡುವುದು ಸರಿಯಲ್ಲ. ಅದಲ್ಲದೆ ಈ ಸಂಶೋಧನೆ ನಮ್ಮ ದೇಶದಲ್ಲಿಯೇ ನಡೆದಿದೆ. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಮತ್ತು ರಾಷ್ಟ್ರೀಯ ಮಾಂಸ ಸಂಶೋಧನಾ ಕೇಂದ್ರಗಳು 2019ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಕೆಲಸ ಆರಂಭಿಸಿದವು. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2024ರಲ್ಲಿ ಅಂಜಲ್, ಮಾಂಜಿಯಂಥ ಬೆಲೆಬಾಳುವ ಮೀನುಗಳ ಮಾಂಸವನ್ನು ಕೋಶಗಳಿಂದ ಬೆಳೆಸುವ ಯೋಜನೆಯನ್ನು ಖಾಸಗಿ ಕಂಪನಿಯೊಂದರ ಜೊತೆ ಕೈಗೆತ್ತಿಕೊಂಡಿತು. ಕಿವಿರು ಎತ್ತಿ ಕೆಂಪು ನೋಡಿದ ಮೇಲೆಯೇ ಮೀನು ಕೊಳ್ಳುವ ಕರಾವಳಿಯವರ ಮುಂದೆ ಕಿವಿರೇ ಇಲ್ಲದ ಮೀನು ಬರುವ ದಿನ ಬಹಳ ದೂರವಿಲ್ಲ.

ಆ ದಿನ ಬರುವ ಮೊದಲೇ ಆಹಾರ ಸುರಕ್ಷತಾ ಪ್ರಾಧಿಕಾರ ಕೆಲವು ಸಂಗತಿಗಳನ್ನು ಇತ್ಯರ್ಥ ಮಾಡಬೇಕು. ಪೊಟ್ಟಣದ ಮೇಲೆ ಮಾಂಸಾಹಾರದ ಕಂದು ತ್ರಿಕೋನ ಇರಲೇಬೇಕು, ‘ಕೊಂದದ್ದಲ್ಲ’ ಎಂಬ ನೆಪದಲ್ಲಿ ಹಸಿರು ಚುಕ್ಕೆ ಪಡೆಯುವ ಯಾವ ದಾರಿಯೂ ಉಳಿಯಬಾರದು. ಯಾವ ಪ್ರಾಣಿಯ ಕೋಶ, ಅದರ ಪಾಲು ಶೇಕಡಾ ಎಷ್ಟು, ಬೆಳೆಸಿದ ದ್ರವದಲ್ಲಿ ಪ್ರಾಣಿಮೂಲದ್ದು ಏನಾದರೂ ಇದೆಯೇ ಎಂಬುದು ಹಿಂಬದಿಯ ಸಣ್ಣಕ್ಷರದಲ್ಲಿ ಅಡಗದೆ ಮುಂಬದಿಯಲ್ಲಿ, ನಮ್ಮ ರಾಜ್ಯದಲ್ಲಿ ಮಾರುವಾಗ ಕನ್ನಡದಲ್ಲಿ ಇರಬೇಕು. ಯಾವ ಪ್ರಾಣಿಯದೆಂಬ ಪ್ರಶ್ನೆ ನಮ್ಮಲ್ಲಿ ನಂಬಿಕೆ, ಆಚಾರಗಳಿಗೂ ಸಂಬಂಧಿಸಿದ್ದು. ಸಿಂಗಪುರದ ಇಸ್ಲಾಮಿಕ್ ಮಂಡಳಿ 2024ರಲ್ಲಿ ಇದನ್ನು ಕೂತು ಪರಿಶೀಲಿಸಿ, ಕೋಶ ಯಾವ ಪ್ರಾಣಿಯಿಂದ ಬಂದದ್ದು ಎಂಬುದೂ ಸೇರಿದಂತೆ ಕೆಲವು ಷರತ್ತುಗಳಿಗೆ ಒಳಪಟ್ಟು ಹಲಾಲ್ ಆಗಬಹುದೆಂದು ಹೇಳಿತು. ಅಂಥ ಬಹಿರಂಗ ಚರ್ಚೆ ನಮ್ಮಲ್ಲಿಯೂ ಎಲ್ಲ ಸಮುದಾಯಗಳ ನಡುವೆ ಆಗಬೇಕು. ಇನ್ನು, ತೊಟ್ಟಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವವರು ಯಾರು? ಲಿವರ್ ಸೀಳಿ ನೋಡಲು ನನಗೆ ಕಲಿಸಿದ್ದರು. ಕೋಶದ ತೊಟ್ಟಿಯಲ್ಲಿ ಸೋಂಕು ಸೇರಿದೆಯೇ ಎಂದು ನೋಡಲು ಇಂದಿನ ಪಶುವೈದ್ಯ ವಿದ್ಯಾರ್ಥಿಗಳಿಗೆ ಈಗಿನಿಂದಲೇ ಕಲಿಸಬೇಕು. ಕಾರ್ಖಾನೆಯ ಗೋಡೆಗೆ ಒಂದು ಗಾಜು ಇಟ್ಟು, ಬಯಸಿದವರು ಬಂದು ನೋಡುವ ಅವಕಾಶವನ್ನು ಪರವಾನಗಿಯ ಷರತ್ತಾಗಿಯೇ ಸೇರಿಸಬೇಕು ಎಂಬುದು ನನ್ನ ಒತ್ತಾಯ.

ಕುರಿ ಸಾಕುವವರ ಗತಿಯೇನು ಎಂದು ಕೇಳುವವರಿಗೆ ಒಂದು ಮಾತು. ಕೈಮಾದ ರೂಪದ ಮಾಂಸ ಮೊದಲು ಪೈಪೋಟಿ ಕೊಡುವುದು ಫಾರಂ ಕೋಳಿಗೆ. ಮೂಳೆಯ ಸಾರಿಗೂ ಹೊಸತೊಡಕಿನ ಗುಡ್ಡೆಗೂ ಬೇಕಾದ ಕುರಿಯನ್ನು ಅದು ಬೇಗ ಅಲುಗಿಸಲಾರದು. ಆದರೂ ಕಂಪನಿಗಳು ಕೋಶಕ್ಕಾಗಿ ಬನ್ನೂರು ಕುರಿಯಂಥ ನಮ್ಮ ತಳಿಗಳ ಕಡೆಗೆ ಬಂದರೆ, ಆ ತಳಿಯನ್ನು ಇಷ್ಟು ಕಾಲ ಉಳಿಸಿಕೊಂಡು ಬಂದವರಿಗೆ ಅದರಲ್ಲಿ ಪಾಲು ಸಲ್ಲಬೇಕು.

ನೀವು ತಿನ್ನುತ್ತೀರಾ ಎಂದು ಮನೆಯಲ್ಲಿ ಮೊಮ್ಮಗಳು ಕೇಳಿದಳು. ತಿನ್ನುತ್ತೇನೆ ಎಂದೆ. ಮೇಲೆ ಹೇಳಿದ್ದೆಲ್ಲ ಪೊಟ್ಟಣದ ಮೇಲೆ ಓದಲು ಸಿಕ್ಕರೆ, ಒಂದು ಸಲ ಆ ತೊಟ್ಟಿಯ ಹತ್ತಿರ ನಿಂತು ನೋಡಲು ಬಿಟ್ಟರೆ, ಮಸಾಲೆ ಅರೆದು ಕೈಮಾ ಉಂಡೆ ಕಟ್ಟಿ ಅವಳಿಗೂ ಬಡಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯ, ಮಂಡ್ಯ