ಅರ್ಧ ಹೊಟ್ಟೆ ಉಂಡು ತೂಕ ಇಳಿಸಲು ಆಗುವುದಿಲ್ಲ

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಬೆಳಗ್ಗೆ ಬರೀ ಚಹಾ, ಮಧ್ಯಾಹ್ನ ಅರ್ಧ ಹೊಟ್ಟೆ ಊಟ, ರಾತ್ರಿ ಏನೂ ಬೇಡ ಎಂಬ ಸಲಹೆ ಅದರಲ್ಲಿತ್ತು. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಹೋಟೆಲಿದೆ. ಹಸಿದವರಿಗೆ ಬಡಿಸುವುದೇ ನನ್ನ ಕಸುಬು. ಈ ಸಲಹೆಯನ್ನು ನನಗೆ ಒಪ್ಪಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಾರು ಏನು ತಿಂದರು, ಮತ್ತೆ ಎಷ್ಟು ಹೊತ್ತಿಗೆ ಬಂದರು ಅನ್ನುವುದು ಗಲ್ಲಾದಲ್ಲಿ ಕೂತವನಿಗೆ ಚೆನ್ನಾಗಿ ಗೊತ್ತಾಗುತ್ತದೆ. ಅಡಿಕೆ ಕೊಯ್ಲಿನ ಕೆಲಸದವರು ಬೆಳಗ್ಗೆ ಪುಟ್ಟು-ಕಡಲೆ ತಿಂದು ಹೋದರೆ ಮತ್ತೆ ಬರುವುದು ಮಧ್ಯಾಹ್ನದ ಊಟಕ್ಕೇ. ಅದೇ ಪುಟ್ಟಿಗೆ ಸಕ್ಕರೆ ಹಾಕಿ ತಿಂದವರು ಹತ್ತೂವರೆಗೆಲ್ಲ ತಿಂಡಿಯ ಗಾಜಿನ ಕಪಾಟಿನ ಎದುರು ನಿಂತಿರುತ್ತಾರೆ. ಅಕ್ಕಿಹಿಟ್ಟು ಅದೇ, ತೆಂಗಿನ ತುರಿಯೂ ಅದೇ. ಬದಲಾಗಿದ್ದು ಕಡಲೆ ಮಾತ್ರ. ಕಾಳಿನಲ್ಲಿ ನಾರು ಇದೆ, ಪ್ರೋಟೀನು ಇದೆ. ಹೊಟ್ಟೆಯಲ್ಲಿ ಅದು ಹೆಚ್ಚು ಹೊತ್ತು ನಿಲ್ಲುತ್ತದೆ. ಸಾಕು ಎಂದು ಕರುಳಿನಿಂದ ಮೆದುಳಿಗೆ ಸುದ್ದಿ ಒಯ್ಯುವ ಹಾರ್ಮೋನುಗಳನ್ನೂ ಹೆಚ್ಚಿಸುತ್ತದೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. 1995ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹಾಲ್ಟ್ ಮತ್ತು ಜೊತೆಗಾರರು 38 ಬಗೆಯ ಆಹಾರ ಕೊಟ್ಟು ಪರೀಕ್ಷೆ ಮಾಡಿದರು. ಪ್ರತಿಯೊಂದರಲ್ಲೂ ಸರಿಯಾಗಿ 240 ಕ್ಯಾಲೊರಿ. ತಿಂದ ಮೇಲೆ ಎರಡು ಗಂಟೆ ಹೊಟ್ಟೆ ಎಷ್ಟು ತುಂಬಿದ ಹಾಗಿದೆ ಎಂದು ಮತ್ತೆ ಮತ್ತೆ ಕೇಳಿ ಬರೆದುಕೊಂಡರು. ಬಿಳಿ ಬ್ರೆಡ್ಡಿಗೆ 100 ಅಂಕ ಎಂದು ಇಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಮೀನಿಗೆ 225. ಬೆಣ್ಣೆ ಪದರದ ಕ್ರೊಸಾಂಗೆ ಬರೀ 47. ಕ್ಯಾಲೊರಿ ಅಷ್ಟೇ ಇದ್ದರೂ ಹೊಟ್ಟೆ ತುಂಬುವುದರಲ್ಲಿ ಇಷ್ಟು ಅಂತರ! ನಮ್ಮ ಪರೋಟ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಮೈದಾ ಹಿಟ್ಟಿಗೆ ಪದರ ಪದರವಾಗಿ ಎಣ್ಣೆ ಕುಡಿಸುವುದನ್ನು ದಿನಾ ನೋಡುವ ನನಗೆ ಅದರ ಜಾಗ ಎಲ್ಲಿ ಎಂದು ಊಹಿಸುವುದು ಕಷ್ಟವಲ್ಲ.

ಕ್ಯಾಲೊರಿ ಕಡಿಮೆಯಾಗದೆ ತೂಕ ಇಳಿಯುವುದಿಲ್ಲ, ಅದು ನಿಜ. ಆದರೆ ಊಟದ ಗಾತ್ರವನ್ನೇ ಅರ್ಧ ಮಾಡಬೇಕು ಎಂದೇನೂ ಇಲ್ಲ, ಅಲ್ವಾ? ಎಣ್ಣೆಯ ಒಂದು ಗ್ರಾಮಿಗೆ 9 ಕ್ಯಾಲೊರಿ, ಅಕ್ಕಿಯ ಪಿಷ್ಟಕ್ಕೆ 4, ನೀರಿಗೆ ಸೊನ್ನೆ. ನೇಂದ್ರ ಬಾಳೆಯ ಚಿಪ್ಸ್ 100 ಗ್ರಾಮಿಗೆ 500 ಕ್ಯಾಲೊರಿಗೂ ಜಾಸ್ತಿ. ಅದೇ ನೇಂದ್ರ ಹಣ್ಣನ್ನು ಹಬೆಯಲ್ಲಿ ಬೇಯಿಸಿದರೆ 100 ಗ್ರಾಮಿಗೆ ಸುಮಾರು 120. ಒಂದು ಇಡೀ ಹಣ್ಣು ತಿಂದವರು ಮತ್ತೊಂದು ಕೇಳುವುದು ಅಪರೂಪ. ಚಿಪ್ಸಿನ ಪೊಟ್ಟಣ ಮಾತ್ರ ಮಾತಾಡುತ್ತಾ ಮಾತಾಡುತ್ತಾ ಖಾಲಿಯಾಗುತ್ತದೆ.

ಗಂಜಿಯ ವಿಷಯಕ್ಕೆ ಬರುತ್ತೇನೆ. ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ಮಧ್ಯಾಹ್ನ ಗಂಜಿ ಮತ್ತು ಹೆಸರುಕಾಳು ಕೊಡುತ್ತಿದ್ದ ಕಾಲವಿತ್ತು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತ ನನ್ನ ವಯಸ್ಸಿನವರಿಗೆ ಅದರ ರುಚಿ ಮರೆತಿರಲಿಕ್ಕಿಲ್ಲ. ಈಗ ಗಂಜಿ ಎಂದರೆ ಕಾಯಿಲೆಯವರ ಊಟ ಎಂದು ಮೂಗು ಮುರಿಯುತ್ತಾರೆ. ಆದರೆ ಅಮೆರಿಕದಲ್ಲಿ ಬಾರ್ಬರಾ ರೋಲ್ಸ್ ಎಂಬವರು 1999ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಕೋಳಿ, ಅಕ್ಕಿ, ತರಕಾರಿ ಹಾಕಿದ ಒಂದೇ ಅಡುಗೆಯನ್ನು ಮೂರು ರೀತಿ ಕೊಟ್ಟರು. ಒಮ್ಮೆ ಹಾಗೇ, ಒಮ್ಮೆ ಪಕ್ಕದಲ್ಲಿ ನೀರಿಟ್ಟು, ಒಮ್ಮೆ ಅಷ್ಟೇ ನೀರನ್ನು ಅದರಲ್ಲೇ ಸೇರಿಸಿ ಸೂಪು ಮಾಡಿ. ಸೂಪು ಕುಡಿದವರು ಆಮೇಲಿನ ಊಟದಲ್ಲಿ ಕಡಿಮೆ ತಿಂದರು. ಪಕ್ಕದಲ್ಲಿ ಕುಡಿದ ನೀರು ಆ ಕೆಲಸ ಮಾಡಲಿಲ್ಲ. ನಮ್ಮ ಕುಚ್ಚಲಕ್ಕಿ ಗಂಜಿಯಲ್ಲೂ ನೀರು ಅನ್ನದ ಜೊತೆಗೇ ಹೊಟ್ಟೆ ಸೇರುತ್ತದೆ.

ಬರೀ ಗಂಜಿ ಸಾಲದು, ಇದನ್ನು ಒತ್ತಿ ಹೇಳುತ್ತೇನೆ. ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಕುಡಿದವರಿಗೆ ಬೇಗ ಹಸಿವಾಗುತ್ತದೆ. ಜೊತೆಗೆ ಹೆಸರುಕಾಳಿನ ಪಲ್ಯ ಬೇಕು, ಇಲ್ಲವೇ ಗಟ್ಟಿಯಾದ ಹುರುಳಿ ಸಾರು, ಅಥವಾ ಎರಡು ಬೂತಾಯಿ ಮೀನು. ಬಸಳೆಯೋ ಸೌತೆಕಾಯಿಯೋ ಧಾರಾಳವಾಗಿರಲಿ.

ನಮ್ಮಲ್ಲಿಗೆ ಬರುವ ಒಬ್ಬ ರಿಕ್ಷಾ ಚಾಲಕರಿಗೆ ಮಂಡಿ ನೋವು. ತೂಕ ಇಳಿಸಿ ಎಂದು ಡಾಕ್ಟರು ಹೇಳಿದ್ದರು. ಅವರು ಬೆಳಗಿನ ತಿಂಡಿ ಬಿಟ್ಟರು, ಮಧ್ಯಾಹ್ನ ಅರ್ಧ ಊಟ. ಸಂಜೆ ನಾಲ್ಕಕ್ಕೆ ತಡೆಯಲಾಗದೆ ಬನ್ಸು, ಸಿಹಿ ಚಹಾ, ಮತ್ತೆ ಒಂದು ಪಪ್ಸ್. ರಾತ್ರಿ ಮನೆಯಲ್ಲಿ ಏನು ಕಂಡರೂ ಬಿಡುತ್ತಿರಲಿಲ್ಲವಂತೆ. ತೂಕ ಒಂದಿಷ್ಟೂ ಇಳಿಯಲಿಲ್ಲ. ನಾನೇ ಒತ್ತಾಯ ಮಾಡಿ ಬೆಳಗ್ಗೆ ಪುಟ್ಟು ಕಡಿಮೆ, ಕಡಲೆ ಜಾಸ್ತಿ ಬಡಿಸಿದೆ. ಮಧ್ಯಾಹ್ನ ಗಂಜಿ, ಕಾಳು, ಮೀನು, ಎರಡು ಸೌಟು ಪಲ್ಯ. ಹೊಟ್ಟೆ ತುಂಬ ಉಣ್ಣಿ ಅಣ್ಣಾ ಎಂದೆ. ನಾಲ್ಕು ಗಂಟೆಯ ಬನ್ಸು ತಾನಾಗಿಯೇ ನಿಂತಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅವರ ಪ್ಯಾಂಟು ಸಡಿಲವಾಗಿತ್ತು.

ಆ ಬನ್ಸು, ಪಪ್ಸ್ ಸುಮ್ನೆ ಬಾಯಿಚಪಲ ಎಂದು ಜನರನ್ನು ಬೈಯುವವರಿದ್ದಾರೆ. ಅದು ಅನ್ಯಾಯ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ 2019ರಲ್ಲಿ 20 ಮಂದಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟು ನೋಡಿದರು. ಎರಡರಲ್ಲೂ ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮ. ಬೇಕಾದಷ್ಟು ತಿನ್ನಿ ಎಂದರು. ಸಿದ್ಧ ಆಹಾರದಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಹೋಯಿತು, ತೂಕ ಸುಮಾರು 0.9 ಕಿಲೋ ಏರಿತು. ಸಾದಾ ಅಡುಗೆಯಲ್ಲಿ ಅಷ್ಟೇ ಇಳಿಯಿತು. ಮನುಷ್ಯರು ಅವರೇ, ಬದಲಾಗಿದ್ದು ಆಹಾರ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಕುಸಿದು ಅಪಾಯವಾಗುತ್ತದೆ. ಬೆವರಿ ನಡುಗುತ್ತಾ ನಮ್ಮ ಬೆಂಚಿನಲ್ಲಿ ಕುಸಿದವರನ್ನು ನೋಡಿದ್ದೇನೆ. ರಾತ್ರಿ ಏನೂ ಬೇಡ ಎಂದು ಎಲ್ಲರಿಗೂ ಅಚ್ಚು ಹಾಕುವ ಮೊದಲು ಇದನ್ನು ಯೋಚಿಸಬೇಕಿತ್ತು. ದಯವಿಟ್ಟು ಮುಂದಿನ ಆರೋಗ್ಯ ಪುಟದಲ್ಲಿ ಈ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ. ಜೊತೆಗೆ ಹೊಟ್ಟೆ ತುಂಬಿಸುವ ನಮ್ಮ ಊರಿನ ಅಡುಗೆಗಳಿಗೂ ಜಾಗ ಕೊಡಿ. ಕಮ್ಮಿ ಎಣ್ಣೆಯಲ್ಲಿ ಕಡಲೆ ಸಾರು, ಹುರುಳಿ ಸಾರು ಮಾಡುವ ಕ್ರಮ ಬೇಕಿದ್ದರೆ ನಾನೇ ಬರೆದು ಕಳಿಸುತ್ತೇನೆ.

ಇತಿ,
ಒಬ್ಬ ಹೋಟೆಲಿನವ
ಪೆರ್ಲ, ಕಾಸರಗೋಡು ಜಿಲ್ಲೆ