ಹಳೇ ಡೀಸೆಲ್ ಎಂಜಿನ್‌ಗೆ ಎಣ್ಣೆ ಸುರಿಯುವ ಮುನ್ನ ಪಂಪು ನೋಡಿ

ಮಾನ್ಯ ಸಂಪಾದಕರೇ,

ಹಳೇ ಡೀಸೆಲ್ ಗಾಡಿಗಳನ್ನು ಅಡುಗೆ ಎಣ್ಣೆಯಲ್ಲೇ ಓಡಿಸಬಹುದು ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಓಡಿಸಬಹುದು, ಸುಳ್ಳಲ್ಲ. ಆದರೆ ಯಾವ ಎಂಜಿನ್, ಯಾವ ಪಂಪು, ಎಣ್ಣೆಯನ್ನು ಹಾಗೇ ಹಾಕುವುದಾ ಅಥವಾ ಬಯೋಡೀಸೆಲ್ ಮಾಡಿ ಹಾಕುವುದಾ, ಇದ್ಯಾವುದನ್ನೂ ಬಿಡಿಸಿ ಹೇಳದೆ ಟ್ಯಾಂಕಿಗೆ ಸುರಿದರೆ ಆಯಿತು ಎನ್ನುವ ಧಾಟಿಯಲ್ಲಿ ಬರೆದರೆ ಓದಿದವರು ಸುಮ್ನೆ ಇರುತ್ತಾರಾ, ಸುರಿದೇ ಸುರಿಯುತ್ತಾರೆ. ಹಾಗೆ ಸುರಿದ ಗಾಡಿಗಳ ಪಂಪು (ಇಂಧನವನ್ನು ಒತ್ತಿ ಕಳಿಸುವುದು), ನಾಜಲ್ (ಅದನ್ನು ಎಂಜಿನ್ನೊಳಗೆ ಚಿಮ್ಮಿಸುವುದು) ಬಿಚ್ಚುವುದು ನನ್ನ ಕೆಲಸ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಕಡಲೆಕಾಯಿ ಎಣ್ಣೆ ಕಥೆ. ರುಡಾಲ್ಫ್ ಡೀಸೆಲ್ ತಮ್ಮ ಎಂಜಿನ್ ಮಾಡಿದ್ದೇ ಕಡಲೆಕಾಯಿ ಎಣ್ಣೆಗಾಗಿ ಎಂದು ಎಲ್ಲರೂ ಬರೆಯುತ್ತಾರೆ, ನಿಮ್ಮವರೂ ಬರೆದಿದ್ದಾರೆ. ನಡೆದದ್ದು ಬೇರೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ, ಫ್ರೆಂಚ್ ಸರ್ಕಾರ ಕೇಳಿತು ಎಂಬ ಕಾರಣಕ್ಕೆ, ಒಟ್ಟೊ ಕಂಪನಿಯವರು ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಈ ಎಣ್ಣೆಯಲ್ಲಿ ಓಡಿಸಿ ತೋರಿಸಿದರು. ಆ ಎಂಜಿನ್ ಮಾಡಿದ್ದು ಖನಿಜ ತೈಲಕ್ಕೆ. ಏನೂ ಬದಲಾಯಿಸದೆ ಎಣ್ಣೆ ಹಾಕಿದರು. ಅದು ಎಷ್ಟು ಸಲೀಸಾಗಿ ಓಡಿತೆಂದರೆ, ಒಳಗಿರುವುದು ಎಣ್ಣೆ ಎಂದು ತುಂಬಾ ಕಡಿಮೆ ಜನರಿಗೆ ಗೊತ್ತಾಯಿತು. 1912ರಲ್ಲಿ ಡೀಸೆಲ್ ಅವರೇ ಇದನ್ನು ಹೇಳಿದ್ದಾರೆ. ಪ್ರದರ್ಶನದಲ್ಲಿ ಓಡುವುದು ದೊಡ್ಡ ವಿಷಯವಲ್ಲ ಬಿಡಿ. ಈಗಿನ ಎಂಜಿನ್ನಲ್ಲಿ ಎಣ್ಣೆಯ ತೊಂದರೆ ಕಣ್ಣಿಗೆ ಬೀಳುವ ಹೊತ್ತಿಗೆ ನೂರಾರು ಗಂಟೆ ಓಡಿರುತ್ತದೆ. ಮೊದಲ ವಾರ ಸದ್ದು ಕಡಿಮೆಯಾದಂತೆ ಕಾಣುತ್ತದೆ, ಹೊಗೆಗೆ ಕರಿದ ಎಣ್ಣೆಯ ವಾಸನೆ, ಮಾಲೀಕರಿಗೆ ಖುಷಿಯೋ ಖುಷಿ.

ತೊಂದರೆಗೆಲ್ಲ ಮೂಲ, ಎಣ್ಣೆ ಡೀಸೆಲ್ಲಿಗಿಂತ ತುಂಬಾ ಮಂದ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದರೆ ಡೀಸೆಲ್ಲಿನ ಸ್ನಿಗ್ಧತೆ, ಅಂದರೆ ಮಂದತನದ ಅಳತೆ, 2ರಿಂದ 4.5 ಸೆಂಟಿಸ್ಟೋಕ್. ಸೋಯಾ, ಸೂರ್ಯಕಾಂತಿಯಂಥ ಎಣ್ಣೆಗಳದ್ದು 30ರ ಮೇಲೆ. ಅಂದರೆ ಸುಮಾರು ಹತ್ತು ಪಟ್ಟು. ನಾಜಲ್ಲನ್ನು ಟೆಸ್ಟರ್‌ಗೆ ಕಟ್ಟಿ ಕೈಯಲ್ಲಿ ಲಿವರ್ ಒತ್ತಿದರೆ ಇದರ ಪರಿಣಾಮ ಅಲ್ಲೇ ಕಾಣುತ್ತದೆ. ಒಳ್ಳೇ ನಾಜಲ್ ಕರ್ ಎಂದು ಸದ್ದು ಮಾಡಿ ಡೀಸೆಲ್ಲನ್ನು ಮಂಜಿನ ಹಾಗೆ ಚೆಲ್ಲುತ್ತದೆ, ಬಿಟ್ಟ ಮೇಲೆ ತುದಿ ಒಣಗಿರುತ್ತದೆ. ತಣ್ಣನೆ ಎಣ್ಣೆ ಓಡಿಸಿದ ಎಂಜಿನ್ನಿನ ನಾಜಲ್ ತಂದು ನೋಡಿ. ತೂತಿನ ಸುತ್ತ ಕಾರ್ಬನ್ ಕಟ್ಟಿ ಸಣ್ಣ ಕೊಳವೆಯ ಹಾಗೆ ಮುಂದಕ್ಕೆ ಬೆಳೆದಿರುತ್ತದೆ. ಸದ್ದು ಇಲ್ಲ, ಮಂಜೂ ಇಲ್ಲ, ಒಂದು ಕಡೆಗೆ ದಾರದ ಹಾಗೆ ಚಿಮ್ಮಿ ಆಮೇಲೆ ತೊಟ್ಟಿಕ್ಕುತ್ತದೆ. ಹಾಗೆ ತೊಟ್ಟಿಕ್ಕಿದ್ದು ಪೂರ್ತಿ ಉರಿಯುವುದಿಲ್ಲ. ಉರಿಯದ್ದು ಪಿಸ್ಟನ್ ರಿಂಗು ಕೂರುವ ತೋಡಿನಲ್ಲಿ ಕೂತು ಗಟ್ಟಿಯಾಗುತ್ತದೆ, ರಿಂಗು ಹಿಡಿದುಕೊಳ್ಳುತ್ತದೆ, ಕಂಪ್ರೆಷನ್ ಬೀಳುತ್ತದೆ.

ಉಳಿದದ್ದು ಸಿಲಿಂಡರ್ ಗೋಡೆಯ ಮೇಲಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಇದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಹೊರಗೆ ಗೊತ್ತೇ ಆಗುವುದಿಲ್ಲ. ಅಗಸೆ ಎಣ್ಣೆಯ ಪೇಂಟು ಗಾಳಿಗೆ ಹೇಗೆ ಪೊರೆ ಕಟ್ಟಿ ಗಟ್ಟಿಯಾಗುತ್ತದೋ ಬಿಸಿ ಎಂಜಿನ್ನೊಳಗೆ ಆಗುವುದೂ ಅದೇ ಕೆಲಸ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗೇ ಮೇಲೆ ಬಂದಿದ್ದರೆ ಅದನ್ನು ಸಂತೋಷದ ಸುದ್ದಿ ಅಂದುಕೊಳ್ಳಬೇಡಿ, ಇಂಧನ ಕೆಳಗಿಳಿದಿದೆ ಎಂದು ಅರ್ಥ. ಹೀಗೇ ಬಿಟ್ಟರೆ ಒಂದು ದಿನ ಆಯಿಲ್ ಲೋಳೆಯಾಗುತ್ತದೆ. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿದರೆ ಸುರಿಯುವುದಿಲ್ಲ, ಕೈಯಲ್ಲಿ ಬಾಚಿ ತೆಗೆಯಬೇಕು. ಅಷ್ಟು ಹೊತ್ತಿಗೆ ಬೇರಿಂಗ್ ಹೋಗಿರುತ್ತದೆ. ಎಣ್ಣೆಯಲ್ಲಿ ಓಡಿಸುವವರು ಆಯಿಲನ್ನು ಮಾಮೂಲಿಗಿಂತ ಬೇಗ, ಅರ್ಧ ಅವಧಿಗೇ ಬದಲಾಯಿಸುವುದು ಇದಕ್ಕೇ.

ಹಾಗಾದರೆ ಎಣ್ಣೆಯಲ್ಲಿ ವರ್ಷಗಟ್ಟಲೆ ಓಡಿದ ಗಾಡಿಗಳು ಇಲ್ಲವಾ? ಇವೆ. ಮರ್ಸಿಡಿಸ್‌ನ ಹಳೇ ಐದು ಸಿಲಿಂಡರಿನ ಓಎಂ 617 ಎಂಜಿನ್ ಇದಕ್ಕೇ ಹೆಸರುವಾಸಿ. ಅದಕ್ಕೆ ಎರಡು ಕಾರಣ. ಒಂದು, ಅದರಲ್ಲಿ ಡೀಸೆಲ್ ಮೊದಲು ಒಂದು ಸಣ್ಣ ಬಿಸಿ ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ, ನೇರ ಪಿಸ್ಟನ್ ಮೇಲೆ ಬೀಳುವುದಿಲ್ಲ, ಹಾಗಾಗಿ ಸ್ಪ್ರೇ ಸ್ವಲ್ಪ ಒರಟಾದರೂ ತಡೆದುಕೊಳ್ಳುತ್ತದೆ. ಇನ್ನೊಂದು, ಇನ್‌ಲೈನ್ ಪಂಪು. ಈ ಪಂಪಿನ ಕ್ಯಾಮಿಗೆ ಎಂಜಿನ್ ಆಯಿಲ್ ಬರುತ್ತದೆ, ಮಂದ ಎಣ್ಣೆ ಬಂದರೂ ಎಳೆದುಕೊಂಡು ಹೋಗುತ್ತದೆ. ರೋಟರಿ ಪಂಪಿಗೆ ಹಾಗಿಲ್ಲ. ಅದರ ಒಳಗೆ ಸುತ್ತುವ ಭಾಗಗಳಿಗೆ ಇಂಧನವೇ ಗ್ರೀಸು, ಇಂಧನವೇ ತಂಪು. ಚಳಿಗಾಲದ ಬೆಳಿಗ್ಗೆ ಮಂದ ಎಣ್ಣೆ ಸರಿಯಾಗಿ ಬರದಿದ್ದರೆ ರೋಟರ್ ಹಿಡಿದುಕೊಂಡು ಶಾಫ್ಟೇ ಮುರಿಯಬಹುದು. ನಿಮ್ಮದು ಯಾವುದು ಎಂದು ತಿಳಿಯಲು ಮೆಕ್ಯಾನಿಕ್ ಕೂಡ ಬೇಡ, ಬಾನೆಟ್ ಎತ್ತಿ ನೋಡಿ. ನಾಜಲ್ಲಿಗೆ ಹೋಗುವ ಉಕ್ಕಿನ ಪೈಪುಗಳು ಪಂಪಿನ ಮೇಲಿಂದ ಒಂದೇ ಸಾಲಿನಲ್ಲಿ ಹೊರಟಿದ್ದರೆ ಇನ್‌ಲೈನ್. ಪಂಪಿನ ತಲೆಯಿಂದ ಸುತ್ತಲೂ ದುಂಡಗೆ ಹೊರಟಿದ್ದರೆ ರೋಟರಿ. ಇಷ್ಟನ್ನು ನಿಮ್ಮ ಲೇಖನದಲ್ಲಿ ಒಂದು ಸಾಲು ಹಾಕಿದ್ದರೆ ಎಷ್ಟೋ ಪಂಪು ಉಳಿಯುತ್ತಿದ್ದವು, ಅಲ್ವಾ?

ಇನ್‌ಲೈನ್ ಪಂಪು ಇದ್ದರೂ ತಣ್ಣನೆ ಎಣ್ಣೆ ಹಾಕಬಾರದು. ಎರಡು ಟ್ಯಾಂಕ್ ಇಟ್ಟು, ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡಿ, ರೇಡಿಯೇಟರ್ ನೀರಿನ ಬಿಸಿಯಲ್ಲೇ ಎಣ್ಣೆಯನ್ನು 70–80 ಡಿಗ್ರಿಗೆ ಕಾಯಿಸಿ ಆಮೇಲೆ ಅದಕ್ಕೆ ಬದಲಾಯಿಸಬೇಕು, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್ಲಿಗೆ ಬಂದು ಪೈಪೆಲ್ಲ ತೊಳೆದುಕೊಳ್ಳುವಷ್ಟು ಓಡಿಸಬೇಕು. ದಿನಾ ಹತ್ತಿರದ ಓಡಾಟಕ್ಕೆ ಇಟ್ಟುಕೊಂಡ ಗಾಡಿಗೆ ಇದು ಆಗದ ಮಾತು. ಎಣ್ಣೆ ಕಾಯುವಷ್ಟರಲ್ಲಿ ಮನೆ ಬಂದಿರುತ್ತದೆ.

ಇನ್ನು ಬಯೋಡೀಸೆಲ್. ಲೇಖನದಲ್ಲಿ ಎಣ್ಣೆಯನ್ನೂ ಇದನ್ನೂ ಒಂದೇ ಎಂಬಂತೆ ಬರೆದದ್ದು ನನಗೆ ಜಾಸ್ತಿ ಬೇಸರ ತಂದಿತು. ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ 55–60 ಡಿಗ್ರಿಯಲ್ಲಿ ಕಲಕಿದರೆ ಎಣ್ಣೆಯ ದೊಡ್ಡ ಕಣ ಒಡೆದು ಬಯೋಡೀಸೆಲ್ ಮೇಲೆ ನಿಲ್ಲುತ್ತದೆ, ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಮೇಲಿನದ್ದನ್ನು ತೊಳೆದು ಒಣಗಿಸಬೇಕು. ಹೊಸ ವಿದ್ಯೆ ಏನಲ್ಲ, ಬೆಲ್ಜಿಯಂನಲ್ಲಿ 1937ರಲ್ಲೇ ಇದಕ್ಕೆ ಪೇಟೆಂಟ್ ಆಗಿತ್ತು, ಮರುವರ್ಷ ತಾಳೆ ಎಣ್ಣೆಯಿಂದ ಮಾಡಿದ ಇಂಥ ಇಂಧನದಲ್ಲಿ ಬ್ರಸೆಲ್ಸ್–ಲೂವೆನ್ ನಡುವೆ ಬಸ್ಸೂ ಓಡಿತ್ತು. ಹೀಗೆ ಮಾಡಿದ್ದರ ಸ್ನಿಗ್ಧತೆ 3.5ರಿಂದ 5ಕ್ಕೆ ಇಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ಡೀಸೆಲ್. ಪಂಪಿಗೂ ಒಳ್ಳೇ ಜಾರಿಕೆ ಕೊಡುತ್ತದೆ, ಹೊಗೆ ಕಡಿಮೆ, ಎರಡನೇ ಟ್ಯಾಂಕ್ ಬೇಡ. ಲೀಟರಿಗೆ ಶಕ್ತಿ ಸುಮಾರು ಶೇ 8 ಕಡಿಮೆ, ಅದನ್ನು ಮೈಲೇಜಿನಲ್ಲಿ ನೋಡಬಹುದು. ನನ್ನನ್ನು ಕೇಳಿದರೆ ಹಳೇ ಎಂಜಿನ್ನಿಗೆ ಹಾಕಬೇಕಾದ್ದು ಇದು, ಹಸಿ ಎಣ್ಣೆಯನ್ನಲ್ಲ.

ಆದರೆ ಸರಿಯಾಗಿ ಮಾಡಿರಬೇಕು. ಅರ್ಧಂಬರ್ಧ ಮಾಡಿದ್ದನ್ನು ಬಯೋಡೀಸೆಲ್ ಎಂದು ಹಾಕಿಸಿಕೊಂಡು ಬರುವವರೇ ಜಾಸ್ತಿ. ಸರಿಯಾಗಿದೆಯಾ ಎಂದು ನೋಡಲು 27 ಮಿಲಿ ಮೆಥನಾಲ್‌ಗೆ ಆ ಬಯೋಡೀಸೆಲ್ 3 ಮಿಲಿ ಹಾಕಿ ಚೆನ್ನಾಗಿ ಅಲ್ಲಾಡಿಸಿ ಬಿಡಿ. ಪೂರ್ತಿ ಕರಗಿ ತಿಳಿಯಾಗಿದ್ದರೆ ಸರಿ, ತಳದಲ್ಲಿ ಎಣ್ಣೆಯ ಹನಿ ಕೂತರೆ ಇನ್ನೂ ಎಣ್ಣೆಯೇ ಇದೆ. ಕರಿದು ಬಿಟ್ಟ ಎಣ್ಣೆಯಿಂದ ಮಾಡುವಾಗ ಇದು ಇನ್ನೂ ಮುಖ್ಯ. ಅದರಲ್ಲಿ ನೀರು, ಹುಳಿ (ಆಮ್ಲ) ಎರಡೂ ಇರುತ್ತದೆ, ಸೋಡಾ ಹಾಕಿದರೆ ಬಯೋಡೀಸೆಲ್ ಬದಲು ಸೋಪು ಆಗಿ ಕೂರುತ್ತದೆ. ಮೆಥನಾಲ್ ವಿಷ, ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ, ಅಡುಗೆಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ.

ಹಳೇ ಗಾಡಿಗೆ ಬಯೋಡೀಸೆಲ್ ಹಾಕಿದ ಕೂಡಲೇ ಇನ್ನೊಂದು ಆಗುತ್ತದೆ. ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ ಕೊಳೆಯನ್ನೆಲ್ಲ ಅದು ತೊಳೆದು ಫಿಲ್ಟರಿಗೆ ತಂದು ತುಂಬುತ್ತದೆ. ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ಮಾಲೀಕರು ಬಯೋಡೀಸೆಲ್ಲನ್ನು ಬೈಯುತ್ತಾರೆ. ಫಿಲ್ಟರ್ ಬದಲಾಯಿಸಿ, ಸ್ವಲ್ಪ ದಿನಕ್ಕೆ ಇನ್ನೊಂದು ಸಲ ಬದಲಾಯಿಸಿ, ಆಮೇಲೆ ಸರಿ ಹೋಗುತ್ತದೆ. ಹೋಸು, ಸೀಲು ಮಾತ್ರ ಸರಿ ಹೋಗುವುದಿಲ್ಲ. ಹಳೇ ರಬ್ಬರ್ ಉಬ್ಬಿ, ಮೆತ್ತಗಾಗಿ, ಬೆರಳಲ್ಲಿ ಹಿಸುಕಿದರೆ ಕರಿ ಅಂಟುತ್ತದೆ, ಕೊನೆಗೆ ಸೋರುತ್ತದೆ. ವೈಟಾನ್ ಎಂಬ ಬೇರೆ ಜಾತಿಯ ರಬ್ಬರಿನದ್ದು ಹಾಕಿಸಬೇಕು. ತಾಮ್ರ, ಹಿತ್ತಾಳೆಯ ಪೈಪಿದ್ದರೆ ಅದನ್ನೂ ತೆಗೆಸಿ, ಅವು ಬಯೋಡೀಸೆಲ್ಲನ್ನು ಬೇಗ ಕೆಡಿಸುತ್ತವೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ಇದನ್ನು ತುಂಬಿ ಇಡಲೇಬೇಡಿ. ತಾಳೆ ಎಣ್ಣೆಯಿಂದ ಮಾಡಿದ್ದಾದರೆ 15 ಡಿಗ್ರಿ ಆಸುಪಾಸಿನಲ್ಲೇ ಮಂಜುಗಟ್ಟಲು ಶುರುವಾಗುತ್ತದೆ ಎನ್ನುವುದೂ ನೆನಪಿರಲಿ.

ಕಾಮನ್ ರೈಲ್ (ಎಲ್ಲ ನಾಜಲ್ಲಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಇಂಧನ ಕೊಡುವ ವ್ಯವಸ್ಥೆ) ಇರುವ ಹೊಸ ಗಾಡಿಯವರು ಇದ್ಯಾವ ಸಾಹಸಕ್ಕೂ ಹೋಗುವುದು ಬೇಡ. ಅಲ್ಲಿ 1600 ಬಾರ್‌ಗೂ ಮೀರಿದ ಒತ್ತಡ, ಕೂದಲಿಗಿಂತ ಸಣ್ಣ ಸಂದು. ಡೀಸೆಲ್ಲಿನಲ್ಲಿ ಬಯೋಡೀಸೆಲ್ ಶೇ 7 ಇರಬಹುದು ಎಂದು ಕಂಪನಿಯವರು ಹೇಳಿದ್ದರೆ ಶೇ 7, ಅಷ್ಟೇ.

ಲೇಖನದ ಮುಂದಿನ ಭಾಗ ಬರುತ್ತದೆ ಎಂದು ಹಾಕಿದ್ದೀರಿ. ಎಣ್ಣೆಯಲ್ಲಿ ಓಡಿಸಿದವರ ಅನುಭವ ಹಾಕುವುದಾದರೆ ದಯವಿಟ್ಟು ಇಷ್ಟು ಕೇಳಿ ಹಾಕಿ: ಪಂಪು ಯಾವುದು, ಎಣ್ಣೆ ಕಾಯಿಸುತ್ತಾರಾ, ಎಷ್ಟು ಗಂಟೆ ಓಡಿದೆ, ಆಮೇಲೆ ನಾಜಲ್ ಬಿಚ್ಚಿ ನೋಡಿದ್ದಾರಾ. ಬಿಚ್ಚಿದ್ದರೆ ಅದರ ಫೋಟೋ ಕೂಡ ಕೇಳಿ.

ಇಂತಿ,
ಒಬ್ಬ ಡೀಸೆಲ್ ಪಂಪ್ ಮೆಕ್ಯಾನಿಕ್